ಹಳೆಯ ಕಾರಿಗೆ ಹೊಸ ಗಾಲಿ

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಳನಾಡಿನಲ್ಲಿ ಅಡಿಕೆ ತೋಟದ ಮೇಲ್ಬದಿಯ ಮನೆಗಳಿಗೆ ಹೋಗಿ ಬರುವವರಿಗೆ ಈ ನೋಟ ಹೊಸತಲ್ಲ. ಅಂಗಳದ ಬದಿಯಲ್ಲಿ ಈಗಿನ ಕಾಲದ ಸಣ್ಣ ಕಾರೊಂದು ನಿಂತಿರುತ್ತದೆ. ಹಟ್ಟಿಯ ಪಕ್ಕದ ಮಾಡಿನ ಕೆಳಗೆ, ಗೋಣಿಚೀಲಗಳ ಮತ್ತು ಹಳೆಯ ಪಂಪುಸೆಟ್ಟಿನ ನಡುವೆ ಇನ್ನೊಂದು ಕಾರು ಇರುತ್ತದೆ. ಅದು ಅಂಬಾಸಿಡರ್ ಆಗಿರಬಹುದು, ಪ್ರೀಮಿಯರ್ ಪದ್ಮಿನಿಯೂ ಆಗಿರಬಹುದು. ಮನೆಗೆ ಸೊಸೆ ಬಂದದ್ದು ಅದರಲ್ಲಿ. ಅಜ್ಜನನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದದ್ದೂ ಅದರಲ್ಲೇ. ಗುಜರಿಯವನು ವರ್ಷಕ್ಕೊಮ್ಮೆ ಬಂದು ಕ್ರಯ ಕೇಳಿ ಹೋಗುತ್ತಾನೆ. ಮನೆಯವರು ಕೊಡುವುದೂ ಇಲ್ಲ, ಓಡಿಸುವುದೂ ಇಲ್ಲ.

ಈಚೆಗೆ ಇಂತಹ ಕಾರುಗಳಿಗೆ ಶುಕ್ರದೆಸೆ ಬಂದಂತಿದೆ. ಬೆಂಗಳೂರಿನಿಂದಲೋ ಗಲ್ಫಿನಿಂದಲೋ ರಜೆಯಲ್ಲಿ ಬಂದ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದನ್ನು ರಸ್ತೆಗೆ ಇಳಿಸಬೇಕೆಂಬ ಆಸೆ ಹುಟ್ಟುತ್ತದೆ. ಆಸೆ ಒಳ್ಳೆಯದೇ. ಆದರೆ ಹತ್ತರಲ್ಲಿ ಎಂಟು ಮಂದಿ ಆರಂಭಿಸುವುದು ಹೊಳೆಯುವ ಅಲಾಯ್ ಗಾಲಿ ಮತ್ತು ಹೊಸ ಬಣ್ಣದಿಂದ. ಕೆಲಸ ಆರಂಭವಾಗಬೇಕಾದ್ದು ಅಲ್ಲಿಂದಲ್ಲ ಎಂಬುದು ನಮ್ಮ ಅಭಿಪ್ರಾಯ. ಕಾರಿನ ಅಂದಕ್ಕೆ ಮಾತ್ರ ಸಂಬಂಧಿಸಿದ ವಿಷಯವಾಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಗಾಲಿಯ ವಿಷಯದಲ್ಲಿ ತಪ್ಪಿದರೆ ಹೋಗುವುದು ಜೀವ.

ಮೊದಲು ಈ ಎರಡು ಕಾರುಗಳ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಬಂದದ್ದು. ಬಂಗಾಳದ ಉತ್ತರಪಾಡದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಇದನ್ನು 1950ರ ದಶಕದ ಕೊನೆಯಿಂದ 2014ರ ತನಕ ತಯಾರಿಸಿತು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಇದು 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ನಮ್ಮ ಹಿರಿಯರು ಮಾತ್ರ ಕೊನೆಯವರೆಗೂ ಅದನ್ನು ‘ಫಿಯೆಟ್’ ಎಂದೇ ಕರೆದರು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಎಂದರೆ ಎರಡಕ್ಕೂ ಈಗ ತವರುಮನೆ ಇಲ್ಲ. ಬಿಡಿಭಾಗಕ್ಕೆ ಹಳೆಯ ದಾಸ್ತಾನನ್ನೋ, ಬಿಚ್ಚಿದ ಕಾರುಗಳನ್ನೋ ನಂಬಬೇಕು. ಗಾಲಿಯ ಮಟ್ಟಿಗೆ ಗೊಂದಲ ಆರಂಭವಾಗುವುದು ಇಲ್ಲಿಂದಲೇ.

ಕುಂಬಳೆಯ ಕಡೆಯ ಒಂದು ವರ್ಕ್‌ಶಾಪಿನಲ್ಲಿ ನಾವು ಕಂಡ ಪ್ರಸಂಗ ಇದಕ್ಕೆ ಉದಾಹರಣೆಯಾದೀತು. ಪದ್ಮಿನಿಯೊಂದಕ್ಕೆ ಹಾಕಲೆಂದು ನಾಲ್ಕು ಅಲಾಯ್ ಗಾಲಿಗಳು ಬಂದಿದ್ದವು. ಮನೆಯ ಹುಡುಗ ಇಂಟರ್‌ನೆಟ್ಟಿನಲ್ಲಿ ನೋಡಿ ಬೇರೆ ಕಂಪೆನಿಯ ಕಾರಿನದ್ದನ್ನು ಅಗ್ಗಕ್ಕೆ ತರಿಸಿದ್ದ. ಕಾರಿನಲ್ಲೂ ನಾಲ್ಕು ತೂತು, ಗಾಲಿಯಲ್ಲೂ ನಾಲ್ಕು ತೂತು. ಮೇಸ್ತ್ರಿ ಒಂದನ್ನು ಹಿಡಿದು ನೋಡಿ, ಬೋಲ್ಟು ಎರಡು ಸುತ್ತು ತಿರುಗಿಸಿ, ಮತ್ತೆ ಕಳಚಿ ನೆಲದ ಮೇಲಿಟ್ಟರು.

“ಭಟ್ರೇ, ಇದು ಕೂತ ಹಾಗೆ ಕಾಣ್ತದೆ. ಕೂತದ್ದಲ್ಲ.”

“ಸ್ವಲ್ಪ ಬಿಗಿ ಮಾಡಿದರೆ ಕೂರುವುದಿಲ್ಲವೋ ಮೇಸ್ತ್ರಿ?”

“ಕೂರ್ತದೆ. ಮತ್ತೆ ಏಳ್ತದೆ. ಅದು ಎಲ್ಲಿ ಏಳ್ತದೆ ಅಂತ ನನಗೆ ಹೇಳ್ಲಿಕ್ಕಾಗುದಿಲ್ಲ.”

ಮೇಸ್ತ್ರಿಯ ಮಾತಿನ ಅರ್ಥ ಇಷ್ಟು. ಗಾಲಿಯ ಬೋಲ್ಟುಗಳ ತೂತುಗಳು ಒಂದು ವೃತ್ತದ ಮೇಲೆ ಇರುತ್ತವೆ. ಆ ವೃತ್ತದ ವ್ಯಾಸವನ್ನು ವರ್ಕ್‌ಶಾಪುಗಳಲ್ಲಿ ಪಿಸಿಡಿ ಎನ್ನುತ್ತಾರೆ. ಫಿಯೆಟ್ ವಂಶದ ಕಾರುಗಳಲ್ಲಿ ಇದು 98 ಮಿಲ್ಲಿಮೀಟರ್. ಮಾರುತಿ ಸ್ವಿಫ್ಟ್ ಮೊದಲಾಗಿ ಇಂದು ಪೇಟೆಯಲ್ಲಿ ಹೆಚ್ಚು ಸಿಕ್ಕುವ ನಾಲ್ಕು ತೂತಿನ ಗಾಲಿಗಳಲ್ಲಿ 100. ವ್ಯತ್ಯಾಸ ಎರಡೇ ಮಿಲ್ಲಿಮೀಟರು. ಒಂದೊಂದು ಬೋಲ್ಟಿನ ಪಾಲಿಗೆ ಬರುವುದು ಒಂದೇ ಮಿಲ್ಲಿಮೀಟರು. ಕಣ್ಣಿಗೆ ಕಾಣುವ ಅಂತರವಲ್ಲ. ಬಲ ಹಾಕಿದರೆ ಬೋಲ್ಟು ಒಳಗೆ ಹೋಗಿಯೂ ಹೋಗುತ್ತದೆ. ಆದರೆ ಅದು ನೆಟ್ಟಗೆ ಹೋಗುವುದಿಲ್ಲ. ಬೋಲ್ಟಿನ ಶಂಕುವಿನಾಕಾರದ ತಲೆ ಗಾಲಿಯ ಕುಳಿಯಲ್ಲಿ ಸುತ್ತಲೂ ಒತ್ತಿ ಕೂರುವುದರ ಬದಲು ಒಂದು ಬದಿಗೆ ಮಾತ್ರ ತಾಗಿ ನಿಲ್ಲುತ್ತದೆ. ಕಾರು ಓಡಿದಂತೆ ಅದು ಬಾಗುತ್ತಾ ನಿಮಿರುತ್ತಾ ಸಡಿಲವಾಗುತ್ತದೆ, ಇಲ್ಲವೇ ಕತ್ತರಿಸಿಹೋಗುತ್ತದೆ. ಮಾರುವ ಅಂಗಡಿಯವರಲ್ಲಿ “ಎಲ್ಲದಕ್ಕೂ ಆಗುತ್ತದೆ ಸಾರ್” ಎನ್ನುವವರು ಉಂಟು. ಅವರ ಮಾತಿಗೆ ಕಿವಿಗೊಡಬಾರದು.

ಈ ಅಳತೆಯನ್ನು ಮನೆಯಲ್ಲೇ ತೆಗೆಯಬಹುದು. ನಾಲ್ಕು ತೂತಿನ ಗಾಲಿಯಲ್ಲಿ ಎದುರುಬದುರಿನ ಎರಡು ತೂತುಗಳ ನಡುಬಿಂದುಗಳ ಅಂತರವೇ ಪಿಸಿಡಿ. ಐದು ತೂತಿದ್ದರೆ ಎದುರುಬದುರು ಎಂಬುದೇ ಇಲ್ಲ. ಆಗ ಒಂದು ತೂತಿನಿಂದ, ಪಕ್ಕದ್ದನ್ನು ಬಿಟ್ಟು, ಅದರಾಚಿನ ತೂತಿಗೆ ಇರುವ ಅಂತರವನ್ನು ಅಳೆದು 0.951ರಿಂದ ಭಾಗಿಸಬೇಕು. ಶಾಲೆಯಲ್ಲಿ ಲೆಕ್ಕದ ಮಾಸ್ತರರು ಕಲಿಸಿದ ಸೈನ್ 72 ಡಿಗ್ರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟೇಪಿನಿಂದ ಬೇಡ, ಕ್ಯಾಲಿಪರಿನಿಂದ ಅಳೆಯಿರಿ. ಎರಡು ಮಿಲ್ಲಿಮೀಟರಿನ ವ್ಯಾಜ್ಯ ಟೇಪಿನಲ್ಲಿ ತೀರ್ಮಾನವಾಗದು.

ಪಿಸಿಡಿ ಸರಿಯಾದರೂ ಕೆಲಸ ಮುಗಿಯಿತೆಂದಲ್ಲ. ಗಾಲಿಯ ನಡುವಿನ ದೊಡ್ಡ ತೂತು ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು. ದೊಡ್ಡದಾದರೆ ಗಾಲಿ ಕೇಂದ್ರ ತಪ್ಪಿ ಸ್ಟಿಯರಿಂಗು ನಡುಗುತ್ತದೆ. ಗಾಲಿ ಹಬ್ಬಿನಿಂದ ಎಷ್ಟು ಒಳಗೆ, ಎಷ್ಟು ಹೊರಗೆ ನಿಲ್ಲುತ್ತದೆ ಎಂಬುದು ಇನ್ನೊಂದು ಲೆಕ್ಕ. ಹೊರಗೆ ಹೆಚ್ಚು ಚಾಚಿದರೆ ಬೇರಿಂಗಿಗೆ ಭಾರ. ಒಳಗೆ ಸರಿದರೆ ಸ್ಟಿಯರಿಂಗಿನ ಕೊಂಡಿಗಳಿಗೋ ಸ್ಪ್ರಿಂಗಿಗೋ ಟಯರು ಉಜ್ಜುತ್ತದೆ. ಅಲಾಯ್ ಗಾಲಿಯ ದಪ್ಪ ತಗಡಿನ ರಿಮ್ಮಿಗಿಂತ ಹೆಚ್ಚಾದ್ದರಿಂದ ಹಳೆಯ ಬೋಲ್ಟಿನ ಉದ್ದ ಸಾಲದೆ ಹೋಗಬಹುದು. ಎರಡೇ ಹರಿಯಲ್ಲಿ ಕಚ್ಚಿ ನಿಂತ ಬೋಲ್ಟು ಹೊರಗಿನಿಂದ ನೋಡುವಾಗ ಸುಭದ್ರವಾಗಿಯೇ ಕಾಣುತ್ತದೆ!

ನಮ್ಮನ್ನು ಕೇಳಿದರೆ, ಈ ಎರಡು ಕಾರುಗಳಿಗೆ ಒಪ್ಪುವುದು ಅವುಗಳ ಸ್ವಂತ ಕಬ್ಬಿಣದ ರಿಮ್ಮು ಮತ್ತು ಕನ್ನಡಿಯಂತಹ ಗಾಲಿ ಟೊಪ್ಪಿಯೇ. ಅಂಬಾಸಿಡರಿನ ಗುಂಡುಗುಂಡಾದ ಮೈಗೆ ಐದು ಕತ್ತಿ ಜೋಡಿಸಿದಂತಹ ಅಲಾಯ್ ಗಾಲಿ ಹಾಕುವುದು, ಯಕ್ಷಗಾನದ ರಾಜವೇಷದವನಿಗೆ ಬೂಟು ತೊಡಿಸಿದ ಹಾಗೆ. ಹೊಸ ರಿಮ್ಮು ಸಿಕ್ಕಿದರೆ ಅದೃಷ್ಟ. ಸಿಗದಿದ್ದರೆ ಹಳೆಯದರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಬೋಲ್ಟಿನ ತೂತುಗಳ ಸುತ್ತ ಕೂದಲೆಳೆಯಂತಹ ಬಿರುಕು ಇದ್ದರೆ ಆ ರಿಮ್ಮು ಗುಜರಿಗೆ. ವೆಲ್ಡಿಂಗ್ ಮಾಡಿಸುವ ಯೋಚನೆಯೇ ಬೇಡ. ಹಬ್ಬಿಗೆ ಸಿಕ್ಕಿಸಿ ತಿರುಗಿಸಿದಾಗ ಅಂಚು ಓಲಾಡಿದರೂ ಅದು ಕೆಲಸಕ್ಕೆ ಬಾರದು. ಉಳಿದವುಗಳ ತುಕ್ಕನ್ನು ಮರಳು ಹಾಯಿಸಿ ತೆಗೆಸಿ, ಪೌಡರ್ ಕೋಟಿಂಗ್ ಮಾಡಿಸಬಹುದು. ಬಣ್ಣ ಹಾಕುವವನಿಗೆ ಒಂದು ಮಾತನ್ನು ಮರೆಯದೆ ಹೇಳಬೇಕು: ನಟ್ಟು ಕೂರುವ ಕುಳಿಗಳಿಗೂ, ರಿಮ್ಮು ಹಬ್ಬಿಗೆ ತಾಗುವ ಹಿಂಬದಿಗೂ ದಪ್ಪ ಬಣ್ಣ ಬೀಳಬಾರದು. ಆ ಬಣ್ಣ ಒತ್ತಡಕ್ಕೆ ಪುಡಿಯಾದಾಗ ಬಿಗಿ ಮಾಡಿದ ನಟ್ಟು ತಾನಾಗಿ ಸಡಿಲವಾಗುತ್ತದೆ.

ಗಾಲಿ ಕಳಚಿದ ದಿನ ಒಳಗಿನದ್ದನ್ನೂ ನೋಡಿಬಿಡಬೇಕು. ಬ್ರೇಕಿನ ರಬ್ಬರು ಹೋಸು ಬಿರಿದಿದೆಯೇ, ವೀಲ್ ಸಿಲಿಂಡರು ಒಸರುತ್ತಿದೆಯೇ, ಬೇರಿಂಗಿನಲ್ಲಿ ಆಟವಿದೆಯೇ, ಮುಂದಿನ ಗಾಲಿಗಳ ಗ್ರೀಸಿನ ಮೂತಿಗಳು ಕಟ್ಟಿಹೋಗಿವೆಯೇ? ವರ್ಷಗಟ್ಟಳೆ ಹಟ್ಟಿಯ ಪಕ್ಕ ನಿಂತ ಕಾರಿನಲ್ಲಿ ಇವಿಷ್ಟೂ ಕೆಟ್ಟಿರುವ ಸಂಭವವೇ ಹೆಚ್ಚು. ಹೊಳೆಯುವ ಗಾಲಿ ಹಾಕಿ ಒಳಗೆ ಹಿಡಿಯದ ಬ್ರೇಕು ಇಟ್ಟುಕೊಳ್ಳುವುದು ಯಾವ ಶೃಂಗಾರ?

ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಬೇಕು, ಸಾಲಾಗಿ ಸುತ್ತುವುದಲ್ಲ. ಕೊನೆಯ ಬಿಗಿ ಕಾರನ್ನು ಜಾಕಿಯಿಂದ ಇಳಿಸಿದ ಮೇಲೆ. ಸ್ಪ್ಯಾನರಿನ ಮೇಲೆ ಹತ್ತಿ ಕುಣಿಯುವವರನ್ನು ಕಂಡಿದ್ದೇವೆ. ಅದರಿಂದ ಹರಿ ಎಳೆದುಹೋಗುತ್ತದೆಯೇ ಹೊರತು ಭದ್ರತೆ ಹೆಚ್ಚುವುದಿಲ್ಲ. ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು. ಈ ಎರಡನೆಯ ಸಲದ ಬಿಗಿಯನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಇನ್ನು ಟಯರು. ಅಂಬಾಸಿಡರಿನ ಹಳೆಯ ಅಳತೆ 5.90-15, ಪದ್ಮಿನಿಯದ್ದು 5.20-14. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಆ ಕಾಲದ್ದು ನೈಲಾನ್ ಟಯರು. ಈಗ ರೇಡಿಯಲ್ ಹಾಕುವವರೇ ಹೆಚ್ಚು. ಹಾಕುವುದಾದರೆ ನಾಲ್ಕಕ್ಕೂ ಹಾಕಬೇಕು. ಒಂದೇ ಆಕ್ಸಲಿನಲ್ಲಿ ಒಂದು ರೇಡಿಯಲ್, ಒಂದು ನೈಲಾನ್ ಎಂಬುದು ಸರ್ವಥಾ ಕೂಡದು. ಎರಡೇ ರೇಡಿಯಲ್ ಇದ್ದರೆ ಅವು ಹಿಂದಕ್ಕೆ ಹೋಗಬೇಕು, ಮುಂದಕ್ಕಲ್ಲ. ಹಳೆಯ ರಿಮ್ಮುಗಳು ಟ್ಯೂಬಿಗೆಂದೇ ಮಾಡಿದವು. ಟ್ಯೂಬ್‌ಲೆಸ್ ಟಯರನ್ನು ತಡೆದು ಹಿಡಿಯುವ ಏಣು ಅವುಗಳ ಅಂಚಿನಲ್ಲಿ ಇಲ್ಲ. ಆದ್ದರಿಂದ ಟ್ಯೂಬು ಇರಲಿ, ಅದೂ ಹೊಸತಿರಲಿ.

ಅಗಲ ಟಯರಿನ ಮೋಹ ಬೇರೆ. ಪವರ್ ಸ್ಟಿಯರಿಂಗಿಲ್ಲದ ಅಂಬಾಸಿಡರಿಗೆ ಅಗಲ ಟಯರು ಹಾಕಿ ಮುಳ್ಳೇರಿಯದ ತಿರುವುಗಳಲ್ಲಿ ತಿರುಗಿಸಿ ನೋಡಿದರೆ ತೋಳಿಗೇ ತಿಳಿಯುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರನ್ನು ಸೀಳಿಕೊಂಡು ಹೋಗಲು ಸಪೂರ ಟಯರೇ ಮೇಲು. ಅಗಲದ್ದು ನೀರಿನ ಮೇಲೆ ತೇಲುವುದು ಬೇಗ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ತಲಪಾಡಿಯಿಂದ ಈಚೆಗೆ ವಾಹನಗಳ ವೇಗ ಹೆಚ್ಚಿದೆ. ಆ ವೇಗಕ್ಕೆ ಹುಟ್ಟಿದ ಕಾರುಗಳಲ್ಲ ಇವು. ಹಳೆಯ ನೈಲಾನ್ ಟಯರಿನಲ್ಲಂತೂ ಅವುಗಳ ಜೊತೆ ಪಂದ್ಯ ಕಟ್ಟುವುದು ಬೇಡ.

ಇದಕ್ಕಿಂತ ಈಚಿನ, ಉದಾಹರಣೆಗೆ 1994ರಿಂದ ಬಂದ ಮಾರುತಿ ಎಸ್ಟೀಮ್‌ನಂತಹ ಕಾರು ಇರುವವರು ದೊಡ್ಡ ರಿಮ್ಮು ಹಾಕುವುದಾದರೆ ಲೆಕ್ಕ ಹೀಗೆ. ಟಯರಿನ ಮೇಲೆ 175/70 ಆರ್ 13 ಎಂದಿದ್ದರೆ ಅಗಲ 175 ಮಿ.ಮೀ., ಬದಿಯ ಎತ್ತರ ಅದರ ನೂರರಲ್ಲಿ 70 ಪಾಲು, ರಿಮ್ಮು 13 ಇಂಚು. ಒಟ್ಟು ವ್ಯಾಸ ಸುಮಾರು 575 ಮಿ.ಮೀ. ಹದಿನಾಲ್ಕು ಇಂಚಿನ ರಿಮ್ಮಿನಲ್ಲಿ 185/60 ಹಾಕಿದರೆ ಸುಮಾರು 578 ಆಗುತ್ತದೆ, ವ್ಯತ್ಯಾಸ ನಗಣ್ಯ. ವ್ಯಾಸ ಹೆಚ್ಚು ಬದಲಾದರೆ ಸ್ಪೀಡೋಮೀಟರು ಸುಳ್ಳು ಹೇಳಲು ತೊಡಗುತ್ತದೆ.

ಟಯರು ಕೊಳ್ಳುವಾಗ ಬದಿಯ ನಾಲ್ಕು ಅಂಕೆಗಳನ್ನು ಓದಿ. 2324 ಎಂದಿದ್ದರೆ 2024ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಬಳಕೆ ಕಡಿಮೆಯಾದ ಅಳತೆಗಳು ಅಂಗಡಿಯಲ್ಲಿ ವರ್ಷಗಟ್ಟಳೆ ಕೂತಿರುತ್ತವೆ. ಗುಬ್ಬು ಎಷ್ಟೇ ಇರಲಿ, ಹತ್ತು ವರ್ಷ ದಾಟಿದ ರಬ್ಬರನ್ನು ನಂಬಬಾರದು. ಹಟ್ಟಿಯ ಬದಿಯ ಕಾರಿನಲ್ಲಿ ‘ಟಯರು ಹೊಸತೇ ಉಂಟು’ ಎಂದು ಹೇಳುವ ಮನೆಯವರು ಅನೇಕರು. ಅದು ಹೊಸತಾಗಿದ್ದದ್ದು ಯಾವ ವರ್ಷ ಎಂದು ಕೇಳಬೇಕು.

ಕಾನೂನಿನ ಮಾತನ್ನು ಬೇಗನೆ ಮುಗಿಸುತ್ತೇವೆ. ತಯಾರಕರು ನಿಗದಿಪಡಿಸಿದ್ದಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಆ ವ್ಯಾಜ್ಯ ಹೋದದ್ದು ನಮ್ಮ ಕೇರಳದಿಂದಲೇ. ಮಡ್‌ಗಾರ್ಡಿನ ಹೊರಗೆ ಚಾಚಿದ ಗಾಲಿ ತಪಾಸಣೆಗೆ ಸಿಕ್ಕಿದರೆ ವಾದಿಸಲು ಹೆಚ್ಚೇನೂ ಉಳಿಯದು. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಬಳಿಕ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ವಾಹನವನ್ನು ಪರೀಕ್ಷೆಗೆ ಒಯ್ಯಬೇಕು. ಬೇರೆ ಬಣ್ಣ ಬಳಿಸಿದರೆ ಅದು ಆರ್‌ಸಿಯಲ್ಲಿ ದಾಖಲಾಗಬೇಕು. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂದಿದೆ. ಆದರೆ ಅದನ್ನು ಪಡೆದ ಕಾರನ್ನು ದಿನನಿತ್ಯ ಪೇಟೆಗೆ ಓಡಿಸುವಂತಿಲ್ಲ; ಪ್ರದರ್ಶನ, ರ‍್ಯಾಲಿ ಮುಂತಾದ್ದಕ್ಕೆ ಮಾತ್ರ. ಅಜ್ಜನ ಕಾರಿನಲ್ಲಿ ಭಾನುವಾರ ಮಧೂರಿಗೆ ಹೋಗಿ ಬರಬೇಕೆನ್ನುವವರು ಅದಕ್ಕೆ ಕೈಹಾಕುವ ಮೊದಲು ಯೋಚಿಸಬೇಕು.

ಅರ್ಜಿಯ ವಿಷಯದಲ್ಲಿ ಒಂದು ಮಾತು. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಛೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಿಂದಲೇ ನಮಗಿದೆ. ವರ್ಕ್‌ಶಾಪಿನ ಚೀಟಿಗೆ ಮಾತ್ರ ಅಂತಹ ಕಾಯಿದೆ ಇಲ್ಲ. ಮಲಯಾಳದಲ್ಲಿ ಬರೆದ ಕೆಲಸದ ಪಟ್ಟಿಯನ್ನು ಓದಬಲ್ಲವರಿಂದ ಓದಿಸಿಕೊಂಡೇ ಒಪ್ಪಿಗೆ ಕೊಡಿ. ಅಲ್ಲಿ ತುರುಂಬು ಎಂದಿದ್ದರೆ ನಮ್ಮ ತುಕ್ಕು. ಪಣಿ ಎಂದರೆ ಕೆಲಸ. ಈಗಿನ ಹುಡುಗರ ಬಾಯಲ್ಲಿ ‘ಪಣಿ ಸಿಕ್ಕಿತು’ ಎಂದರೆ ಫಜೀತಿಗೆ ಬಿದ್ದ ಹಾಗೆ! ತುಕ್ಕಿನ ಪಣಿಯಲ್ಲಿ ಎರಡೂ ಅರ್ಥ ಸಲ್ಲುತ್ತದೆ.

ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಕಾರಿನ ಅಂದದ ಶತ್ರು ಬಿಸಿಲಲ್ಲ, ನೀರು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಪಡುವಣದಲ್ಲಿ ಉಪ್ಪಿನ ಗಾಳಿ, ಮಡ್‌ಗಾರ್ಡಿನ ಒಳಗೆ ಅಂಟಿ ತಿಂಗಳುಗಟ್ಟಳೆ ತೇವ ಹಿಡಿದಿಡುವ ಮುರಕಲ್ಲಿನ ಕೆಂಪು ಕೆಸರು. ತುಕ್ಕು ಮೇಲಿನಿಂದ ಬರುವುದಿಲ್ಲ, ಒಳಗಿನಿಂದ ಬರುತ್ತದೆ. ಬಾಗಿಲಿನ ಗಾಜಿನ ಸಂದಿಯಿಂದ ಇಳಿದ ನೀರು ಹೊರಹೋಗಲು ಬಾಗಿಲಿನ ತಳದಲ್ಲಿ ಸಣ್ಣ ಕಂಡಿಗಳಿವೆ. ಅವು ಕಸ ಕಟ್ಟಿದರೆ ಬಾಗಿಲು ಒಳಗೇ ಕೆರೆಯಾಗುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಸಾಕು, ಎರಡು ನಿಮಿಷದ ಕೆಲಸ. ಇದನ್ನು ಪತ್ತನಾಜೆಯ ಮೊದಲು ಮಾಡಿಟ್ಟರೆ ಆ ವರ್ಷದ ಮಳೆಗಾಲ ದಾಟಿದ ಹಾಗೆಯೇ. ಒಳಗಿನ ಮ್ಯಾಟು ಎತ್ತಿ ನೋಡಿ; ಅಡಿಯ ಗೋಣಿಯೋ ಸ್ಪಂಜೋ ಒದ್ದೆಯಾಗಿದ್ದರೆ ಅದರ ಕೆಳಗಿನ ತಗಡು ಹೆಚ್ಚು ದಿನ ಉಳಿಯದು. ಡಿಕ್ಕಿಯ ತಳವೂ ಹಾಗೆಯೇ.

ತುಕ್ಕು ಹಿಡಿದಲ್ಲಿ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಸುಲಭದ ದಾರಿ, ಮತ್ತು ಮೋಸದ ದಾರಿ. ಪುಟ್ಟಿ ತೇವ ಹೀರುತ್ತದೆ; ಎರಡು ಮಳೆಗಾಲ ಕಳೆಯುವಾಗ ಬಣ್ಣದ ಅಡಿಯಿಂದ ಗುಳ್ಳೆ ಏಳುತ್ತದೆ. ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಿ, ಪ್ರೈಮರ್ ಹಾಕಿದ ಮೇಲೆಯೇ ಬಣ್ಣ. ಹಳೆಯ ಕಾರನ್ನು ಕೊಳ್ಳುವವರು ಬಟ್ಟೆಯ ಚೂರಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಕಿಸೆಯಲ್ಲಿಟ್ಟುಕೊಂಡು ಹೋಗಲಿ. ಅದು ಅಂಟದ ಕಡೆ ಪುಟ್ಟಿ ಉಂಟೆಂದು ತಿಳಿಯಬಹುದು. ಅಡಿಭಾಗಕ್ಕೆ ಕರಿ ಡಾಂಬರಿನಂತಹದ್ದನ್ನು ಹೊಡೆಸುವುದೂ ತುಕ್ಕು ತೆಗೆದ ಮೇಲೆ ಮಾತ್ರ. ಇಲ್ಲವಾದರೆ ತುಕ್ಕಿಗೆ ಕಂಬಳಿ ಹೊದಿಸಿದಂತಾಗುತ್ತದೆ.

ಮೂಲದ ಬಣ್ಣ ಇನ್ನೂ ಉಳಿದಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಜಾಣತನ. ತಿಂಗಳಿಗೊಮ್ಮೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜುವವರಿದ್ದಾರೆ. ಅದು ಹೊಳಪು ಕೊಡುವುದು ಬಣ್ಣದ ಒಂದು ಪದರವನ್ನು ತಿಂದು. ಬೋನೆಟ್ಟಿನ ಏಣುಗಳಲ್ಲಿ ಮೊದಲು ಪ್ರೈಮರು ಇಣುಕುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸುವುದು ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳ ಹಳೆಯ ವಿದ್ಯೆ. ಆ ದಿನಕ್ಕೆ ಹೊಳೆಯುತ್ತದೆ, ಧೂಳನ್ನು ಹಿಡಿಯುತ್ತದೆ, ಗಾಜಿನ ಸುತ್ತಲಿನ ರಬ್ಬರು ಬೀಡಿಂಗನ್ನು ಕೆಡಿಸುತ್ತದೆ. ಅದೇ ರಬ್ಬರಿಗೆ ತೆಂಗಿನೆಣ್ಣೆಯೂ ಹಿತವಲ್ಲ. ಸಿಹಿನೀರು, ಕಾರಿಗೆಂದೇ ಇರುವ ಶಾಂಪೂ, ಮೆದು ಬಟ್ಟೆ, ಮೂರು ನಾಲ್ಕು ತಿಂಗಳಿಗೊಮ್ಮೆ ಮೇಣ, ಇಷ್ಟು ಸಾಕು. ಬೇಕಲದ ಸಮುದ್ರ ದಂಡೆಗೆ ಹೋಗಿ ಬಂದರೆ ಮರುದಿನಕ್ಕೆ ಕಾಯದೆ ಅಡಿಭಾಗಕ್ಕೂ ಸೇರಿಸಿ ನೀರು ಹಾಯಿಸಬೇಕು.

ಬಂಪರಿನ, ಗಾಲಿ ಟೊಪ್ಪಿಯ ಕ್ರೋಮ್ ಮೇಲೆ ಕಂದು ಚುಕ್ಕೆ ಎದ್ದಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ತುಂಡನ್ನು ನೀರಿನಲ್ಲಿ ಅದ್ದಿ ನಯವಾಗಿ ಉಜ್ಜಿ ನೋಡಿ. ಮೇಲ್ಮೈಯ ತುಕ್ಕು ಆಶ್ಚರ್ಯವಾಗುವಷ್ಟು ಹೋಗುತ್ತದೆ. ಒರೆಸಿ ಒಣಗಿಸಿ ಮೇಣ ಹಚ್ಚಬೇಕು. ಪದರವೇ ಎದ್ದುಹೋಗಿದ್ದರೆ ಹೊಸತಾಗಿ ಪ್ಲೇಟಿಂಗ್ ಮಾಡಿಸುವುದೊಂದೇ ಉಪಾಯ. ಮೊದಲು ತಾಮ್ರ, ಬಳಿಕ ನಿಕ್ಕಲು, ಕೊನೆಗೆ ಕ್ರೋಮ್ ಎಂಬ ಕ್ರಮ ಅದಕ್ಕಿದೆ. ಎಷ್ಟು ನಿಕ್ಕಲು ಕೂರಿಸುತ್ತೀರಿ ಎಂದು ಕೇಳಿದಾಗ ತಡವರಿಸುವವನಿಗೆ ಬಂಪರನ್ನು ಕೊಡಬೇಡಿ.

ಮಳೆಗಾಲದ ನಾಲ್ಕು ತಿಂಗಳು ಕಾರನ್ನು ಪ್ಲಾಸ್ಟಿಕ್ ಟರ್ಪಾಲಿನಲ್ಲಿ ಬಿಗಿದು ಕಟ್ಟುವುದು ಬೇಡ. ನೆಲದ ಆವಿ ಅದರೊಳಗೆ ಸೇರಿ ಕಾರು ಬೆವರುತ್ತದೆ. ಗಾಳಿಯಾಡುವ ಮಾಡು, ಹಗುರವಾದ ಹತ್ತಿಬಟ್ಟೆ ಸಾಕು. ಒಣಹುಲ್ಲಿನ ಮತ್ತು ಹಟ್ಟಿಗೊಬ್ಬರದ ನೆರೆ ತಪ್ಪಿಸಬೇಕು, ಇಲಿಗಳಿಗೆ ವಯರಿನ ರುಚಿ ಗೊತ್ತಿದೆ. ತಿಂಗಳುಗಟ್ಟಳೆ ಒಂದೇ ಕಡೆ ನಿಂತರೆ ನೈಲಾನ್ ಟಯರಿನ ತಳ ಚಪ್ಪಟೆಯಾಗುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಇಂಜಿನು ಚಾಲೂ ಮಾಡಿ ಅಂಗಳದಲ್ಲಿ ನಾಲ್ಕು ಮಾರು ಮುಂದೆ ಹಿಂದೆ ಓಡಿಸಿ, ಟಯರು ಬೇರೆ ಜಾಗದಲ್ಲಿ ನೆಲಕ್ಕೆ ಊರುವಂತೆ ನಿಲ್ಲಿಸಬೇಕು. ಅದೂ ಆಗದವರು ಗಾಲಿಗಳು ನೆಲ ಬಿಡುವಂತೆ ಆಕ್ಸಲಿನ ಅಡಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ನಿಲ್ಲಿಸಲಿ. ಮುರಕಲ್ಲು ಇಡಬಾರದು. ಮಳೆಯಲ್ಲಿ ನೆನೆದು ಒಡೆದರೆ ಕಾರು ಕೆಳಗೆ, ಪಕ್ಕದಲ್ಲಿ ಆಡುತ್ತಿರುವ ಮಕ್ಕಳೂ ಅಪಾಯದಲ್ಲಿ.